ಆ ರಾತ್ರಿ ಬಹಳ ಚಳಿ ಇತ್ತು

ಈ ಮನುಷ್ಯನಿಗೆ ಈಗ ಎಪ್ಪತ್ತೆರಡು ವರ್ಷ. ಇಪ್ಪತ್ತೊಂಬತ್ತರಲ್ಲಿದ್ದಾಗ ಮಾವನ ಹತ್ತಿರ ಒಂದಿಷ್ಟು, ಪರಿಚಯದ ಹಲ್ಲಿನ ಡಾಕ್ಟರ ಹತ್ತಿರ ಒಂದಿಷ್ಟು ಸಾಲ ಎತ್ತಿ, ಅಮೆರಿಕದ ಯಾವುದೋ ಕಾಡಂಚಿನಲ್ಲಿ ಒಂದು ಸಿನಿಮಾ ತೆಗೆದರು. ಹರೆಯದ ಹುಡುಗ ಹುಡುಗಿಯರು ರಜೆಗೆಂದು ಒಂಟಿ ಮನೆಗೆ ಹೋಗುತ್ತಾರೆ. ಮುಖವಾಡ ಹಾಕಿದವನೊಬ್ಬ ಚಾಕು ಹಿಡಿದು ಅವರನ್ನು ಸರದಿಯ ಪ್ರಕಾರ ಮುಗಿಸುತ್ತಾನೆ. ಕೊನೆಗೆ ಒಬ್ಬಳು ಉಳಿಯುತ್ತಾಳೆ. ಸ್ಲ್ಯಾಷರ್ ಎಂಬ ಈ ಜಾತಿಯ ಸಿನಿಮಾಕ್ಕೆ ಇದಕ್ಕಿಂತ ಹೆಚ್ಚು ಕಥೆ ಕೊಟ್ಟರೆ ಜೀರ್ಣವಾಗುವುದಿಲ್ಲ. ಅಂದು ಪತ್ರಿಕೆಗಳು ಮುಖಕ್ಕೆ ಉಗಿದವು. ಇಂದು ಅದೇ ಕ್ಲಾಸಿಕ್. ಐದೈದು ವರ್ಷಕ್ಕೊಮ್ಮೆ ಅದರ ಹೊಸ ಬ್ಲೂ-ರೇ ಹೊರಡುತ್ತದೆ, ಡಬ್ಬದ ಬೆನ್ನ ಮೇಲೆ ದಪ್ಪಕ್ಷರ ಮಿಂಚುತ್ತದೆ: ‘ನಿರ್ದೇಶಕರ ಹೊಚ್ಚಹೊಸ ಆಡಿಯೋ ಕಾಮೆಂಟರಿ’.

ಇವರ ಹೆಸರು ಹೇಳುವುದಿಲ್ಲ. ಒಬ್ಬರೇ ಆಗಿದ್ದರೆ ಹೇಳಬಹುದಿತ್ತೇನೋ. ನಾನು ಕೇಳಿರುವ ಹತ್ತಾರು ಮಂದಿಯನ್ನು ಒಟ್ಟಿಗೆ ಕಲಸಿ ಉಂಡೆ ಕಟ್ಟಿದರೆ ಈ ಒಬ್ಬರಾಗುತ್ತಾರೆ.

ಕಾಮೆಂಟರಿ ಎಂಬುದು ನಮಗೇನೂ ಹೊಸದಲ್ಲ. ಗಮಕಿಗಳು ಕುಮಾರವ್ಯಾಸನನ್ನು ಹಾಡುತ್ತಾರೆ, ಪಕ್ಕದಲ್ಲಿ ಶಾಲು ಹೊದ್ದು ಕೂತ ವ್ಯಾಖ್ಯಾನಕಾರರು ಒಂದೊಂದೇ ಪದ್ಯವನ್ನು ಬಿಡಿಸಿ ಇಡುತ್ತಾರೆ. 1933ರ ‘ಕಿಂಗ್ ಕಾಂಗ್’ ಸಿನಿಮಾವನ್ನು ಕ್ರೈಟೀರಿಯನ್ ಕಂಪನಿ 1984ರಲ್ಲಿ ಲೇಸರ್‌ಡಿಸ್ಕಿನಲ್ಲಿ ತಂದಾಗ ರೊನಾಲ್ಡ್ ಹೇವರ್ ಎಂಬ ವಿದ್ವಾಂಸರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಚಿತ್ರ ಓಡುತ್ತಿರುತ್ತದೆ, ಇನ್ನೊಂದು ಧ್ವನಿಪಥದಲ್ಲಿ ಅವರು ಅದರ ಹುಟ್ಟು, ಕಸುಬು, ಕೈಚಳಕ ಎಲ್ಲ ಹೇಳುತ್ತ ಹೋಗುತ್ತಾರೆ. ಅಲ್ಲಿಂದ ಶುರುವಾಯಿತು ಈ ಸಂಪ್ರದಾಯ. ನಮ್ಮ ನಿರ್ದೇಶಕರೂ ಅದೇ ಪೀಠದ ಮೇಲೆ ಕೂತವರು. ಆದರೆ ಭೀಮ ದುಶ್ಶಾಸನನ ಎದೆ ಬಗೆಯುವ ಪದ್ಯ ಬಂದಾಗ ವ್ಯಾಖ್ಯಾನಕಾರರು, ‘ಇಲ್ಲಿ ಭೀಮ ಇದ್ದಾನೆ. ಆ ರಾತ್ರಿ ಬಹಳ ಚಳಿ ಇತ್ತು’ ಎಂದು ಹೇಳಿ ನೀರು ಕುಡಿದರೆ ಹೇಗಿರುತ್ತದೆ, ಊಹಿಸಿ.

ನಾನು ಸಿದ್ಧತೆಯಿಲ್ಲದೆ ಕೂತವನಲ್ಲ. ಡಿಸ್ಕು ತರಿಸಲು ಅಮೆರಿಕದಲ್ಲಿರುವ ಸೋದರಳಿಯನನ್ನು ಕಾಡಿದ್ದೇನೆ. ಅಲ್ಲಿಯ ಡಿವಿಡಿ ಒಂದನೆಯ ವಲಯದ್ದು, ಇಲ್ಲಿಯ ಪ್ಲೇಯರು ಐದನೆಯ ವಲಯದ್ದು. ಇಬ್ಬರನ್ನೂ ಹೊಂದಿಸುವುದರಲ್ಲಿ ಒಂದು ದೀಪಾವಳಿ ಕಳೆದಿದೆ. ಹಾಗಾಗಿ ನಿರೀಕ್ಷೆಯೂ ದೊಡ್ಡದು.

ಮೊದಲ ನಿಮಿಷ. ಅವರು ತಮ್ಮ ಹೆಸರು ಹೇಳಿ, ‘ಇದನ್ನು ನೋಡಿ ಇಪ್ಪತ್ತು ವರ್ಷ ಆಗಿರಬೇಕು’ ಎನ್ನುತ್ತಾರೆ. ಎದೆ ಧಸಕ್ಕೆನ್ನುತ್ತದೆ. ಹೆಸರುಗಳು ಬರತೊಡಗುತ್ತವೆ. ‘ಇವನು ಬಹಳ ಒಳ್ಳೆಯವನು. ಈಗಿಲ್ಲ.’ ‘ಇವಳು ಅದ್ಭುತ.’ ‘ಇವನೂ ಒಳ್ಳೆಯವನು. ಇವನೂ ಇಲ್ಲ.’ ಮದುವೆಯ ಕ್ಯಾಸೆಟ್ ಹಾಕಿಕೊಂಡು ಕೂತ ದೊಡ್ಡಪ್ಪ ಮಾಡುವುದೂ ಇದನ್ನೇ ಅಲ್ಲವೆ? ಧಾರೆ ನಡೆಯುತ್ತಿದ್ದರೂ ಅವರ ಕಣ್ಣು ಹಿಂದಿನ ಸಾಲಿನ ಕುರ್ಚಿಗಳ ಮೇಲೆ.

ಪಕ್ಕದಲ್ಲಿ ಒಬ್ಬ ನಿರೂಪಕನೂ ಇರುತ್ತಾನೆ. ಮೂವತ್ತೈದರ ಯುವಕ, ಸಿನಿಮಾ ಬಂದಾಗ ಹುಟ್ಟಿಯೇ ಇರಲಿಲ್ಲ, ಆದರೆ ಅದರ ಜಾತಕ ಬಾಯಿಪಾಠ. ಮೂರನೇ ನಿಮಿಷಕ್ಕೇ ಆಸೆ ತಡೆಯಲಾರದೆ ಕೇಳಿಬಿಡುತ್ತಾನೆ: ‘ಕೊನೆಯ ಬೀರುವಿನ ದೃಶ್ಯ ಇದೆಯಲ್ಲ, ಅದನ್ನು ಹೇಗೆ ತೆಗೆದಿರಿ?’ ಕ್ಯಾಮೆರಾ ಒಂದೇ ಶಾಟಿನಲ್ಲಿ ಕೋಣೆ ಸುತ್ತುತ್ತದೆ. ಶುರುವಿನಲ್ಲಿ ಮಂಚದ ಮೇಲೆ ಸತ್ತು ಬಿದ್ದಿದ್ದವನು ಕೊನೆಯಲ್ಲಿ ಬೀರುವಿನಿಂದ ಬೀಳುತ್ತಾನೆ. ಅಭಿಮಾನಿಗಳು ನಲವತ್ತು ವರ್ಷದಿಂದ ಇದರ ಮೇಲೆ ಜಗಳವಾಡುತ್ತಿದ್ದಾರೆ.

‘ಓ, ಅದಾ? ದೊಡ್ಡ ಕಥೆ. ಬಂದಾಗ ಹೇಳ್ತೀನಿ.’

ನಾನು ದಿಂಬು ಸರಿಮಾಡಿಕೊಂಡು ಕೂರುತ್ತೇನೆ.

ಹದಿನಾಲ್ಕನೇ ನಿಮಿಷಕ್ಕೆ ಮೊದಲ ಕೊಲೆ. ಆಗ ಅವರು ಹೇಳುವುದು: ‘ಈಗ ಇವಳು ಮನೆಯೊಳಗೆ ಹೋಗ್ತಾಳೆ. ಬಾಗಿಲು ತೆರೀತಾಳೆ.’ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುವವರು ನಮಗೆ ಕಾಣದ್ದನ್ನು ಹೇಳುತ್ತಿದ್ದರು; ಇವರು ಕಾಣುವುದನ್ನೇ ಹೇಳುತ್ತಾರೆ. ಚಾಕು ಮೇಲೇಳುತ್ತದೆ. ರಕ್ತ ಹೇಗೆ ಮಾಡಿದರು? 1960ರ ‘ಸೈಕೋ’ ಕಪ್ಪು-ಬಿಳುಪಾಗಿದ್ದರಿಂದ ಹಿಚ್‌ಕಾಕ್‌ಗೆ ಚಾಕೊಲೇಟ್ ಸಿರಪ್ಪೇ ಸಾಕಾಗಿತ್ತು. ಕಲರ್ ಬಂದ ಮೇಲೆ ಜೋಳದ ಸಿರಪ್ಪಿಗೆ ಬಣ್ಣ ಕಲಸಿ ಒಬ್ಬೊಬ್ಬರು ಒಂದೊಂದು ಪಾಕ ಕಂಡುಕೊಂಡರು. ಇವರ ಪಾಕ ಯಾವುದು? ‘ಆ ರಾತ್ರಿ ಬಹಳ ಚಳಿ ಇತ್ತು.’ ಅದಾದರೂ ಮುಂದುವರಿಯಲಿ. ಚಳಿಯಲ್ಲಿ ಉಸಿರಿನ ಹೊಗೆ ಕ್ಯಾಮೆರಾಕ್ಕೆ ಕಾಣದಿರಲೆಂದು ಶಾಟಿಗೆ ಮೊದಲು ನಟರ ಬಾಯಿಗೆ ಐಸ್ ತುಂಡು ಹಾಕುವ ಉಪಾಯವುಂಟು, ಇವರೂ ಹಾಕಿದ್ದರೆ? ಹೇಳುವುದಿಲ್ಲ. ಎಷ್ಟು ಹೊತ್ತಿಗೆ ಊಟ ಬಂತು ಎಂದು ಹೇಳುತ್ತಾರೆ.

ನನ್ನ ಸಂಕಟ ಅರ್ಥವಾಗಬೇಕಾದರೆ ಈ ಜಾತಿಯ ಸಿನಿಮಾಗಳ ಹಿಂದೆ ಎಂಥ ಕಥೆಗಳಿವೆ ಎಂಬುದು ಗೊತ್ತಿರಬೇಕು. ಜಾನ್ ಕಾರ್ಪೆಂಟರ್ 1978ರಲ್ಲಿ ‘ಹ್ಯಾಲೋವೀನ್’ ತೆಗೆದದ್ದು ಇಪ್ಪತ್ತು ದಿನದಲ್ಲಿ. ಕಥೆ ನಡೆಯುವುದು ಇಲಿನಾಯ್ ರಾಜ್ಯದ ಅಕ್ಟೋಬರಿನಲ್ಲಿ, ಚಿತ್ರೀಕರಣ ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಉದುರಿದ ಎಲೆ ಎಲ್ಲಿಂದ ತರುವುದು? ಎಲೆಗಳಿಗೆ ಬಣ್ಣ ಬಳಿದು ಚೆಲ್ಲುವುದು, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿಕೊಂಡು ಮುಂದಿನ ಬೀದಿಗೆ ಹೊರುವುದು. ಹಿನ್ನೆಲೆಯಲ್ಲಿ ತಾಳೆಮರ ಮಾತ್ರ ಯಾರ ಮಾತನ್ನೂ ಕೇಳದೆ ನಿಂತಿದೆ. ಕೊಲೆಗಾರನ ಆ ಭಯಂಕರ ಮುಖವೋ, ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನ ಅಗ್ಗದ ರಬ್ಬರ್ ಮುಖವಾಡ, ಕಣ್ಣಿನ ತೂತು ಹಿಗ್ಗಿಸಿ ಬಿಳಿ ಬಣ್ಣ ಹೊಡೆದದ್ದು. 1994ರಲ್ಲಿ ಇದರ ಲೇಸರ್‌ಡಿಸ್ಕಿಗೆ ಕಾರ್ಪೆಂಟರ್, ಜೊತೆಗೆ ಬರೆದ ಡೆಬ್ರಾ ಹಿಲ್, ನಾಯಕಿ ಜೇಮಿ ಲೀ ಕರ್ಟಿಸ್ ಮೂವರನ್ನೂ ಬೇರೆ ಬೇರೆ ಮಾತಾಡಿಸಿ, ಮಾತನ್ನು ಹೊಲಿದು ಒಂದು ಮಾಡಿದರು. ಅದು ಸರಿಯಾದ ದಾರಿ ಎಂದು ನನ್ನ ಮತ. ಹಳೆಯ ಗೆಳೆಯರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಅವರಿಗೆ ಹಬ್ಬ, ನಮಗೆ ಉಪವಾಸ.

‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನ ಕೊಲೆಗಾರ ಫ್ರೆಡ್ಡಿಯ ಸ್ವೆಟರಿಗೆ ಕೆಂಪು-ಹಸಿರು ಪಟ್ಟೆ ಯಾಕೆ? ಆ ಎರಡು ಬಣ್ಣ ಒತ್ತೊತ್ತಾಗಿದ್ದರೆ ಕಣ್ಣಿಗೆ ತ್ರಾಸು ಎಂದು ನಿರ್ದೇಶಕ ವೆಸ್ ಕ್ರೇವನ್ ಎಲ್ಲೋ ಓದಿದ್ದರು. ಒಂದು ಸ್ವೆಟರಿಗೇ ಇಷ್ಟು ಹೇಳುವುದಕ್ಕಿದೆ. ನಮ್ಮವರ ಕೊಲೆಗಾರ ರೇನ್‌ಕೋಟ್ ಯಾಕೆ ಹಾಕಿದ್ದಾನೆ ಎಂದು ನಿರೂಪಕ ಕೇಳಿದರೆ, ‘ಮಳೆ ಬರೋ ಹಾಗಿತ್ತು.’

ಮೂವತ್ತೆಂಟನೇ ನಿಮಿಷಕ್ಕೆ ನಾಯಕಿಯೂ ಬಂದು ಸೇರುತ್ತಾರೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಂತೆ. ‘ಅಯ್ಯೋ ನನ್ನ ಕೂದಲು ನೋಡಿ!’ ಅಲ್ಲಿಂದ ಹತ್ತು ನಿಮಿಷ ಕೂದಲಿನದೇ ಪ್ರಸ್ತಾಪ. ಆಮೇಲೆ ಯಾರದೋ ವ್ಯಾನಿನ ಸುದ್ದಿ ಬಂದು ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ‘ಬೇಡ, ಅದನ್ನ ಇಲ್ಲಿ ಹೇಳಬಾರದು’ ಎನ್ನುತ್ತಾರೆ. ಹೇಳುವುದೂ ಇಲ್ಲ. ಪರದೆಯ ಮೇಲೆ ಒಬ್ಬನ ಕುತ್ತಿಗೆ ಹೋಗುತ್ತಿರುತ್ತದೆ, ಕಿವಿಯಲ್ಲಿ ನಾಮಕರಣದ ಮನೆಯ ನಗು.

ಐವತ್ತೆರಡರಿಂದ ಐವತ್ತೊಂಬತ್ತರವರೆಗೆ ಮೌನ. ಮೊದಲ ಸಲ ಎದ್ದು ಹೋಗಿ ಸ್ಪೀಕರಿನ ವಯರು ಅಲ್ಲಾಡಿಸಿದ್ದೆ. ವಯರಿನ ತಪ್ಪೇನಿಲ್ಲ, ಅವರು ಸಿನಿಮಾ ನೋಡುತ್ತಿದ್ದಾರೆ. ಒಮ್ಮೆ ಎಚ್ಚೆತ್ತು, ‘ಇಲ್ಲಿ ಇನ್ನೂ ಏನೋ ಇತ್ತು. ಕತ್ತರಿಸಿದರು’ ಎನ್ನುತ್ತಾರೆ. ಏನಿತ್ತು? ಅಮೆರಿಕದ ರೇಟಿಂಗ್ ಮಂಡಳಿ ಆ ಕಾಲದಲ್ಲಿ ಇಂಥ ಸಿನಿಮಾಗಳಿಗೆ ಹಜಾಮತಿ ಮಾಡುತ್ತಿದ್ದುದು ಪ್ರಸಿದ್ಧ. 1981ರ ‘ಮೈ ಬ್ಲಡಿ ವ್ಯಾಲೆಂಟೈನ್’ ಕಳೆದುಕೊಂಡದ್ದರಲ್ಲಿ ಒಂದಿಷ್ಟು 2009ರ ಡಿಸ್ಕಿನಲ್ಲಿ ಮರಳಿ ಬಂದಾಗ ಜನ ಹೋದ ಒಡವೆ ಸಿಕ್ಕಂತೆ ಕುಣಿದರು. ಇವರದು ‘ಏನೋ’ ಆಗಿಯೇ ಉಳಿಯಿತು.

ಅವರ ಪರವಾಗಿಯೂ ಒಂದು ಮಾತಿದೆ. ಕೂತ ಒಂದೇ ಪಟ್ಟಿಗೆ ತೊಂಬತ್ತೊಂದು ನಿಮಿಷ ಮಾತಾಡಬೇಕು, ಸಿನಿಮಾ ಯಾರಿಗೂ ಕಾಯುವುದಿಲ್ಲ. ಕಥೆ ಶುರು ಮಾಡುವಷ್ಟರಲ್ಲಿ ಹೆಣ ಬಿದ್ದು, ಬೆಳಗಾಗಿ, ಪೊಲೀಸರು ಬಂದಿರುತ್ತಾರೆ. ಇನ್ನೂ ಒಂದು ಕಾರಣ ನನಗೆ ತಡವಾಗಿ ಹೊಳೆಯಿತು. ನಾವು ಯಾವುದನ್ನು ಕೇಳಲು ಬಾಯಿ ಬಿಟ್ಟುಕೊಂಡು ಕೂತಿರುತ್ತೇವೋ ಅದನ್ನು ಅವರು ಅಭಿಮಾನಿಗಳ ಸಮಾವೇಶಗಳಲ್ಲಿ ಹೇಳಿ ಹೇಳಿ ಸುಸ್ತಾಗಿದ್ದಾರೆ. ‘ಅದೆಲ್ಲ ಎಲ್ಲರಿಗೂ ಗೊತ್ತಿರೋದೇ ಬಿಡಿ’ ಎನ್ನುತ್ತಾರೆ. ಯಾರಿಗೂ ಗೊತ್ತಿಲ್ಲದ್ದು ಊಟ ಯಾವಾಗ ಬಂತು ಎಂಬುದೊಂದೇ.

ಎಂಬತ್ತಾರನೇ ನಿಮಿಷ. ಕ್ಯಾಮೆರಾ ಕೋಣೆಯೊಳಗೆ ಕಾಲಿಟ್ಟಿತು. ಮಂಚ, ಮಂಚದ ಮೇಲೆ ಹೆಣ. ನಾನು ಮುಂದಕ್ಕೆ ಬಾಗಿದೆ. ನಿರೂಪಕನ ಉಸಿರು ಮೈಕಿನಲ್ಲಿ ಕೇಳಿಸಿತು. ಕ್ಯಾಮೆರಾ ಕಿಟಕಿ ದಾಟಿತು, ಕನ್ನಡಿ ದಾಟಿತು. ಇವರು ನಾಯಕಿಗೆ ಆ ಮನೆಯ ಯಜಮಾನಿ ಮಾಡಿಕೊಡುತ್ತಿದ್ದ ಸೂಪಿನ ವಿಷಯ ಹೇಳುತ್ತಿದ್ದರು. ‘ಅದರಲ್ಲಿ ಬಟಾಣಿ ಹಾಕಿ...’

ಬೀರು ತೆರೆಯಿತು.

‘ಅಯ್ಯಪ್ಪಾ!’ ಎಂದು ಕಿರುಚಿದವರು ನಾಯಕಿಯಲ್ಲ, ನಾನೂ ಅಲ್ಲ. ಏನೋ ಉರುಳಿದ ಸದ್ದು, ಬಹುಶಃ ನೀರಿನ ಬಾಟಲಿ. ಎರಡು ಕ್ಷಣ ಬಿಟ್ಟು ಅವರದೇ ಮೆಲುದನಿ: ‘ಪರವಾಗಿಲ್ಲ, ಚೆನ್ನಾಗೇ ತೆಗೆದಿದ್ದೀನಿ.’

‘ಹೇಗೆ ಸರ್?’ ನಿರೂಪಕ ಅಂಗಲಾಚಿದ. ‘ಹೇಗೆ ತೆಗೆದಿರಿ ಅದನ್ನ?’

‘ಯಾವುದನ್ನ?’