ಉಂಡಿ ಕಾಕಾ

ಡಲ್ಲಾಸ್ ಸುತ್ತ ನಾಲ್ಕು ಕನ್ನಡ ಮನೆ ಇದ್ದರೆ ಅದರಲ್ಲೊಬ್ಬ ಉಂಡಿ ಕಾಕಾ ಇದ್ದೇ ಇರುತ್ತಾರೆ. ನ್ಯೂಜೆರ್ಸಿಯಲ್ಲೂ ಸಿಗುತ್ತಾರೆ, ಮೆಲ್ಬರ್ನ್‌ನಲ್ಲೂ ಸಿಗುತ್ತಾರೆ. ವರ್ಷವಿಡೀ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಂಡಿರುವ ಈ ಮನುಷ್ಯ ಶ್ರಾವಣ ಹತ್ತಿರವಾದಂತೆ ಶೇಂಗಾ ಉಂಡಿಯ ಪಂಡಿತ. ಊರು ಯಾವುದೆಂದರೆ ವಿಜಯಪುರ ಎನ್ನುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಒಂದನ್ನು ಹೇಳಿ, ಉಳಿದ ಮೂರು ತಾಲೂಕಿನವರಿಗೆ ಉಂಡಿ ಕಟ್ಟಲು ಯಾಕೆ ಬರುವುದಿಲ್ಲ ಎಂಬುದನ್ನೂ ಕೂಡಿಸಿಯೇ ಹೇಳುತ್ತಾರೆ.

ಊರಲ್ಲಿದ್ದಾಗ ಕಾಕಾ ಒಂದು ಉಂಡಿಯನ್ನೂ ಕಟ್ಟಿದವರಲ್ಲ. ನಾಗರ ಪಂಚಮಿಯ ಅಡಿಗಿಮನಿ ಅವ್ವ, ಅತ್ತಿ, ತವರಿಗೆ ಬಂದ ಅಕ್ಕಂದಿರದು. ಇವರ ಪಾಲಿಗೆ ಇದ್ದದ್ದು ಜೋಕಾಲಿ ಮತ್ತು ಲಿಂಬಿಕಾಯಿ ಒಗೆಯುವ ಪಣ. (ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಅಂದಿನಿಂದ ಇಂಡಿಯ ಕಾಕಾಗಳು ಆ ಒಗೆತವನ್ನೂ ಜಿಲ್ಲೆಯ ಸೇವೆಯೆಂದೇ ಲೆಕ್ಕ ಹಿಡಿದಿದ್ದಾರೆ.) ಉಳಿದ ಹೊತ್ತಿನಲ್ಲಿ ಉಂಡಿ ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆಯುವುದು. ಪಾಂಡಿತ್ಯವೆಲ್ಲ ಬಂದದ್ದು ಅಲ್ಲಿಂದ.

ಶೇಂಗಾ ಉಂಡಿ ಹಾಗೆ ನೋಡಿದರೆ ಬಡಪಾಯಿ ಸಿಹಿ. ಹುರಿದ ಶೇಂಗಾ, ಬೆಲ್ಲ, ಚಿಟಿಕೆ ಏಲಕ್ಕಿ. ಪಾಕದ ಅಂಜಿಕೆಯಿಲ್ಲ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣಿಯೇ. ಕುಟ್ಟುತ್ತ ಹೋದರೆ ಅದು ಬಿಟ್ಟುಕೊಂಡು ಬೆಲ್ಲವನ್ನು ಹಿಡಿಯುತ್ತದೆ. ಇಷ್ಟು ಸಲೀಸಾದರೆ ಪಂಡಿತರಿಗೆ ಏನು ಕೆಲಸ? ಬೆಲ್ಲ ಮಹಾಲಿಂಗಪುರದ್ದೇ ಆಗಬೇಕು. ಇಂಡಿಯನ್ ಸ್ಟೋರಿನಲ್ಲಿ ಕೊಲ್ಹಾಪುರದ ಅಚ್ಚು ಕಂಡರೆ ಗಡಿ ತಂಟೆಯ ಮುಖ ಮಾಡಿಕೊಂಡು, ಬೈಯುತ್ತ, ಎರಡು ಕೊಳ್ಳುತ್ತಾರೆ. ಹುರಿದ ಶೇಂಗಾ ಕೇರಲು ಅಲ್ಲಿ ಮರ ಎಲ್ಲಿಯದು? ಕುಕ್ಕಿ ಬೇಯಿಸುವ ತಗಡು ಹಿಡಿದು ಬಾಲ್ಕನಿಗೆ ನಡೆಯುತ್ತಾರೆ. ಸಿಪ್ಪಿ ಹಾರಿ ಕೆಳಗಿನ ಮನೆಯ ಬಾರ್ಬೆಕ್ಯೂ ಮೇಲೆ ಕೂರುತ್ತದೆ. ಕ್ಷಮೆ ಕೇಳಲು ಕಾಕು ಹೋಗುತ್ತಾರೆ, ಕಾಕಾಗೆ ಗಾಳಿಯ ದಿಕ್ಕು ನೋಡುವುದಿರುತ್ತದೆ.

ಮಿಕ್ಸಿ ಅಂದರೆ ಮಾತ್ರ ಅವರಿಗೆ ಆಗುವುದಿಲ್ಲ. "ಒಳ್ಳಾಗ ಒನಕಿಲೇ ಕುಟ್ಟಿದ್ರ ಅದು ಉಂಡಿ, ಇದು ಪೀನಟ್ ಬಟರ್" ಎಂದು ವಿಡಿಯೊ ಕರೆಯಲ್ಲಿ ಅವ್ವನ ಸಾಕ್ಷಿ ಕೇಳುತ್ತಾರೆ.

"ಒಳ್ಳು ಎಲ್ಲಿ ಐತೋ ತಮ್ಮಾ? ಅಂಗಳದಾಗ ನಾಯಿಗಿ ನೀರು ಹಾಕಾಕ ಇಟ್ಟೀವಿ. ನಾನೂ ಮಿಕ್ಸಿಗೇ ಹಾಕತೀನಿ."

"ಅವ್ವಾ, ನೆಟ್‌ವರ್ಕ್ ಬರವಲ್ದು," ಎಂದು ಕಾಕಾ ಫೋನ್ ಇಡುತ್ತಾರೆ.

2025ರ ಪಂಚಮಿ ಜುಲೈ 29ರ ಮಂಗಳವಾರ ಬಂತು. ಅಮೆರಿಕದ ನಾಗಪ್ಪನಿಗೆ ವಾರದ ನಡುವೆ ರಜೆ ಎಲ್ಲಿ, ಶನಿವಾರದ ತನಕ ಕಾಯಬೇಕು. ಮಕ್ಕಳ ಡಬ್ಬಿಗೆ ಹಾಕಿ ಕಳಿಸೋಣವೆಂದರೆ ಅಲ್ಲಿಯ ಎಷ್ಟೋ ಶಾಲೆಗಳಲ್ಲಿ ಅಲರ್ಜಿಯ ಭಯಕ್ಕೆ ಶೇಂಗಾ ಒಳಗೇ ಬರುವಂತಿಲ್ಲ. ಹೀಗಾಗಿ ತಿನ್ನುವವರು ದೊಡ್ಡವರೇ, ಜಗಳಾಡುವವರೂ ಅವರೇ. ಹರಳು ಹಲ್ಲಿಗೆ ಸಿಗಬೇಕು ಎಂದು ಸಿಂದಗಿ, ನುಣ್ಣಗಿರಬೇಕು ಎಂದು ಮುದ್ದೇಬಿಹಾಳ. ಬಾಗೇವಾಡಿಯವರು ವಾದಕ್ಕಿಳಿಯುವುದೇ ಇಲ್ಲ. "ಬಸವಣ್ಣ ಹುಟ್ಟಿದ ನೆಲದ ಉಂಡಿರೀ ಇದು" ಎಂದು ತಟ್ಟೆ ಮುಂದಿಡುತ್ತಾರೆ. ಬಸವಣ್ಣನವರು 12ನೇ ಶತಮಾನದವರು, ಶೇಂಗಾ ದಕ್ಷಿಣ ಅಮೆರಿಕದ ಬೆಳೆ, ಕೊಲಂಬಸ್ 1492ರಲ್ಲಿ ಹಡಗು ಬಿಡುವ ತನಕ ಈ ಕಡೆ ಯಾರೂ ಅದರ ಮುಖ ಕಂಡಿರಲಿಲ್ಲ ಎಂದು ಮೂಲೆಯಲ್ಲಿದ್ದ ಬೆಂಗಳೂರಿನ ಹುಡುಗನೊಬ್ಬ ಬಾಯಿ ಹಾಕಿದ.

"ಹುಟ್ಟಿದ್ದು ಎಲ್ಲ್ಯರೆ ಇರಲಿ ತಮ್ಮಾ, ಅದಕ್ಕ ಬುದ್ಧಿ ಬಂದದ್ದು ನಮ್ಮ ಕಡಿ," ಎಂದರು ಕಾಕಾ. ನಾಲ್ಕು ತಾಲೂಕಿನವರು ಒಮ್ಮೆಲೇ ತಲೆ ಆಡಿಸಿದ್ದು ಅದೊಂದಕ್ಕೇ.

ಆ ವರ್ಷ ಊರಿಗೆ ಹೊರಟವರೊಬ್ಬರ ಬ್ಯಾಗಿನಲ್ಲಿ ಕಾಕಾ ಒಂದು ಡಬ್ಬಿ ಉಂಡಿ ತುರುಕಿದರು. ಟೆಕ್ಸಾಸ್‌ನಿಂದ ಬಾಗೇವಾಡಿಗೆ! ತಿಂದ ಅವ್ವ "ಚಲೋ ಅದಾವೋ ತಮ್ಮಾ" ಅಂದಳೆಂದು ಈಗ ಕಂಡ ಕಂಡವರಿಗೆಲ್ಲ ಹೇಳುತ್ತಾರೆ. ಅವ್ವನ ಮಾತಿನ ಉಳಿದರ್ಧ ಹೇಳುವವರು ಕಾಕು:

"ಯಾವ ಅಂಗಡ್ಯಾಗ ತಗೊಂಡಿ?"