ಅತ್ತೆಯವರ ತೂಕ ಎಷ್ಟು?

ಕೊಲರಾಡೋದಲ್ಲಿ ನಾಲ್ಕು ಜನ ಗಂಡಸರು ಬೀದಿಯಂಚಿಗೆ ಸೇರಿದರೆ ಮೊದಲು ಹಿಮದ ಮಾತು, ಆಮೇಲೆ ಎಳೆತದ ಮಾತು. ‘ನಿನ್ನ ಟ್ರಕ್ಕು ಎಷ್ಟು ಎಳೆಯುತ್ತೆ?’ ಅಂತ ಒಬ್ಬ ಶುರುಮಾಡುತ್ತಾನೆ. ‘ಇಪ್ಪತ್ತು ಸಾವಿರ’ ಅನ್ನುತ್ತಾನೆ ಇನ್ನೊಬ್ಬ. ಡಾಲರಲ್ಲ, ಪೌಂಡು, ನಮ್ಮ ಲೆಕ್ಕದಲ್ಲಿ ಒಂಬತ್ತು ಟನ್ನು. ಆಗ ಅಷ್ಟು ಹೊತ್ತೂ ಬಾಯಿ ಬಿಡದಿದ್ದ ಮೂರನೆಯವನು ‘ನಲವತ್ತು’ ಅಂತಾನೆ. ಅಲ್ಲಿಗೆ ಸಭೆ ಬರಖಾಸ್ತು. ಫೋರ್ಡಿನವರ ಎಫ್-450 ಡೀಸೆಲ್ ಪಿಕಪ್ಪನ್ನು ಸರಿಯಾಗಿ ಸಜ್ಜು ಮಾಡಿದರೆ 40,000 ಪೌಂಡ್, ಅಂದರೆ ಹದಿನೆಂಟು ಟನ್ ಎಳೆಯುತ್ತದೆಂದು ಕಂಪನಿಯವರೇ ಹೇಳಿಕೊಂಡಿದ್ದಾರೆ. ಆ ಮೂರನೆಯವನು ಅದರಲ್ಲಿ ಹೋಗಿ ತರುವುದು ಹಾಲು, ಮೊಟ್ಟೆ, ನಾಯಿಯ ಬಿಸ್ಕತ್ತು.

ಈ ಸಭೆಯಲ್ಲಿ ನಿಂತೂ ನಿಂತೂ ನಮ್ಮ ಅಳಿಯಂದಿರಿಗೆ ರೋಗ ಹತ್ತಿತು. ಅವರು ಸಾಫ್ಟ್‌ವೇರಿನವರು. ಗೋಡೆಗೆ ಮೊಳೆ ಹೊಡೆಯಬೇಕಾದರೆ ನನ್ನ ಮಗಳನ್ನು ಕರೆಯುವಂಥ ಸಾಧು ಪ್ರಾಣಿ. ಅಂಥವರು ಒಂದು ಡೀಸೆಲ್ ಪಿಕಪ್ ಕೊಂಡರು. ಟ್ರಕ್ಕಿಗೆ ಎಳೆಯಲು ಏನಾದರೂ ಬೇಕಲ್ಲ, ಅದಕ್ಕೊಂದು ಟ್ರೇಲರ್ ಮನೆಯನ್ನೂ ಕೊಂಡರು. ಅಡುಗೆಮನೆ, ಬಚ್ಚಲು, ಮಂಚ, ಸೋಫಾ ಎಲ್ಲ ಇದ್ದ ಆ ಮನೆಯ ಮೂತಿ ಟ್ರಕ್ಕಿನ ತೊಟ್ಟಿಯೊಳಗೆ ಕೂರಿಸಿದ ಕಬ್ಬಿಣದ ತಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಫಿಫ್ತ್ ವೀಲ್ ಅನ್ನುತ್ತಾರೆ.

ನನ್ನ ಮನೆಯಾಕೆ ತಿಪಟೂರಿನವಳು. ನನ್ನ ಮಾವನವರಿಗೆ ಕೊಬ್ಬರಿ ಸಾಗಿಸುವ ಲಾರಿ ಇತ್ತು. ಹಾಗಾಗಿ ಯಾವ ಗಾಡಿ ಕಂಡರೂ ಅವಳು ಮೊದಲು ನೋಡುವುದು ಟೈರು, ಆಮೇಲೆ ಲೋಡು. ಅಳಿಯಂದಿರ ಟ್ರಕ್ಕಿಗೆ ಒಂದು ಸುತ್ತು ಬಂದು, ‘ಇಷ್ಟೆತ್ತರ ಗಾಡಿ, ಹತ್ತು ಮೂಟೆ ಹಾಕೋಕೆ ಜಾಗ ಇಲ್ವಲ್ರೀ’ ಅಂದಳು. ಅಳಿಯಂದಿರಿಗೆ ನೋವಾಯಿತು. ‘ಅತ್ತೆ, ಇದು ಹೊರೋ ಗಾಡಿ ಅಲ್ಲ, ಎಳೆಯೋ ಗಾಡಿ’ ಅಂದರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಟಾರ್ಕಿನ ಪಾಠ ಮಾಡಿದರು. ಡೀಸೆಲ್ ಎಂಜಿನ್ನಿನ ಹೆಚ್ಚುಗಾರಿಕೆ ಓಟದಲ್ಲಿಲ್ಲ, ತಿರುಚುವ ಬಲದಲ್ಲಿದೆ. ಪೆಟ್ರೋಲ್ ಎಂಜಿನ್ನು ಕೂಗಾಡಿ ಮಾಡುವ ಕೆಲಸವನ್ನು ಇದು ನಿಮಿಷಕ್ಕೆ 1,600–1,800 ಸುತ್ತಿನಲ್ಲೇ ಗೊಣಗುತ್ತ ಮುಗಿಸುತ್ತದೆ. 1989ರ ಮಾದರಿಯ ಡಾಡ್ಜ್ ಪಿಕಪ್ಪಿಗೆ ಕಮಿನ್ಸ್ ಡೀಸೆಲ್ ಕೂರಿಸಿದಾಗ ಅದರ ಟಾರ್ಕು 400 ಪೌಂಡ್-ಅಡಿ. 2019ರ ಹೊತ್ತಿಗೆ ಅದೇ ವಂಶದ ಎಂಜಿನ್ನು 1,000 ಮುಟ್ಟಿತು. ಈಚೆಗೆ ಫೋರ್ಡಿನವರು 1,200 ಅನ್ನುತ್ತಿದ್ದಾರೆ. ಇದನ್ನೆಲ್ಲ ಅಳಿಯಂದಿರು ಉಸಿರು ಬಿಡದೆ ಒಪ್ಪಿಸಿದರು. ಮದುವೆಯಾದ ತಾರೀಕು ಕೇಳಿದರೆ ಮಾತ್ರ ಮಗಳ ಮುಖ ನೋಡುತ್ತಾರೆ.

ಇಷ್ಟು ಬಲವಿದ್ದ ಮೇಲೆ ಹೂಡಿಕೊಂಡು ಹೊರಟರಾಯಿತು ಅಂತ ನಾನಂದುಕೊಂಡಿದ್ದೆ. ಆದರೆ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೊಂದು ಚೀಟಿ ಅಂಟಿಸಿರುತ್ತದೆ. ಒಳಗೆ ಕೂತವರೂ ಸಾಮಾನೂ ಸೇರಿ ಇಷ್ಟು ಪೌಂಡು ಮೀರಕೂಡದು ಅಂತ ಅದರ ಕಟ್ಟಪ್ಪಣೆ. ನಮ್ಮ ಟ್ರಕ್ಕಿಗೆ ಅದು 3,500. ತುಂಬಿದ ಟ್ರೇಲರಿನ ತೂಕ 14,000. ಫಿಫ್ತ್ ವೀಲ್ ತನ್ನ ಭಾರದಲ್ಲಿ ಸುಮಾರು ಐದನೇ ಒಂದು ಪಾಲನ್ನು ಟ್ರಕ್ಕಿನ ಬೆನ್ನಿಗೇ ಹೇರುತ್ತದೆ, ಅದು 2,800. ಕಬ್ಬಿಣದ ತಟ್ಟೆ ಮತ್ತದರ ಸರಂಜಾಮು 200. ಉಳಿದದ್ದು 500 ಪೌಂಡ್, ಅಂದರೆ 227 ಕಿಲೋ. ಇಷ್ಟರಲ್ಲಿ ಅಳಿಯಂದಿರು, ಮಗಳು, ಮೊಮ್ಮಗ, ನಾವಿಬ್ಬರು ಮತ್ತು ದಾರಿಗೆ ಕಟ್ಟಿದ ಬುತ್ತಿ. ಇದರ ಮೇಲೆ ಇನ್ನೊಂದು ತಮಾಷೆಯಿದೆ. ಡೀಸೆಲ್ ಎಂಜಿನ್ನೇ ಬಲು ಭಾರ. ಹಾಗಾಗಿ ಅದೇ ಜಾತಿಯ ಪೆಟ್ರೋಲ್ ಟ್ರಕ್ಕು ಹೊರುವಷ್ಟನ್ನು ಡೀಸೆಲ್ ಟ್ರಕ್ಕು ಹೊರಲಾರದು. ಎಳೆಯುವ ಎಂಜಿನ್ನು ಹೊರುವ ಲೆಕ್ಕವನ್ನು ತಿಂದುಹಾಕಿರುತ್ತದೆ. ಜಟ್ಟಿಯ ಮನೆಯಲ್ಲಿ ತಕ್ಕಡಿ ಹಿಡಿದು ಕೂರಬೇಕಾದ ಸ್ಥಿತಿ.

ಅಳಿಯಂದಿರು ಲ್ಯಾಪ್‌ಟಾಪ್ ತೆರೆದು ಒಬ್ಬೊಬ್ಬರ ತೂಕ ಬರೆದುಕೊಂಡರು. ನನ್ನದಾಯಿತು, ಮಗುವಿನದಾಯಿತು. ಆಮೇಲೆ ಗಂಟಲು ಸರಿಮಾಡಿಕೊಂಡು, ‘ಅತ್ತೆ, ತಪ್ಪು ತಿಳೀಬೇಡಿ. ನಿಮ್ಮ ತೂಕ ಎಷ್ಟು?’ ಅಂದರು.

ಒಲೆಯ ಮೇಲಿದ್ದ ಕುಕ್ಕರು ಕೂಡ ಕೂಗಲಿಲ್ಲ.

‘ಯಾಕೆ, ತುಲಾಭಾರ ಮಾಡಿಸ್ತೀರಾ?’ ಅಂದಳು ಇವಳು. ‘ಮಾಡಿಸೋದಾದ್ರೆ ಬೆಲ್ಲದಲ್ಲಿ ಬೇಡ, ಬೆಳ್ಳೀಲಿ ಮಾಡ್ಸಿ.’

ಮಗಳು ನಡುವೆ ಬಂದು ತೀರ್ಪು ಕೊಟ್ಟಳು: ಅಮ್ಮ, ತಾನು, ಮಗು ಹಿಂದೆ ಕಾರಿನಲ್ಲಿ ಬರುವುದು. ಒಂಬತ್ತು ಟನ್ ಎಳೆಯುವ ಟ್ರಕ್ಕಿಗೆ ಒಬ್ಬ ಅತ್ತೆ ಹೆಚ್ಚಾದರು.

ಮುಂದಿನ ಜಗಳ ಗ್ರೈಂಡರಿನದು. ನಾನು ಹುಟ್ಟಿದ್ದು ಎತ್ತಿನ ಗಾಡಿಯ ಮನೆಯಲ್ಲಿ. ಗೊಬ್ಬರ ತುಂಬುವಾಗ ಭಾರ ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂದಕ್ಕೆ ಬಿದ್ದರೆ ಹೆಗಲು ಹುಣ್ಣಾಗುತ್ತದೆ. ಟ್ರೇಲರಿನದೂ ಅದೇ ಹಣೆಬರಹ. ಬಂಪರಿನ ಗುಂಡಿಗೆ ಕಟ್ಟುವ ಸಾಧಾರಣ ಟ್ರೇಲರಾದರೆ ತೂಕದ ಶೇಕಡಾ 10ರಿಂದ 15, ಫಿಫ್ತ್ ವೀಲ್ ಆದರೆ 15ರಿಂದ 25 ಭಾಗ ಮೂತಿಯ ಮೇಲಿರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರು ಬಾಲ ಬೀಸತೊಡಗಿ, ಕೊನೆಗೆ ಟ್ರಕ್ಕನ್ನೇ ಆಡಿಸುತ್ತದೆ. ಇವಳು ಇಡ್ಲಿಯ ಗ್ರೈಂಡರನ್ನು ಮುಂಭಾಗದ ಗೂಡಿನಲ್ಲಿಟ್ಟಿದ್ದಳು. ಅದರ ಕಲ್ಲಿನ ಭಾರವೆಲ್ಲ ನೇರ ಟ್ರಕ್ಕಿನ ಮೇಲೆ ಬೀಳುತ್ತದೆಂದು ಅಳಿಯಂದಿರು ಹಿಂದಕ್ಕೆ ಸಾಗಿಸಿದರು. ಹಿಂದೆ ಕುಲುಕಾಟ ಹೆಚ್ಚು, ಕಲ್ಲು ಒಡೆದೀತೆಂದು ಇವಳು ಮತ್ತೆ ಮುಂದಕ್ಕೆ ತಂದಳು. ಗ್ರೈಂಡರು ಊರು ಬಿಡುವ ಮುಂಚೆಯೇ ಸಾಕಷ್ಟು ಪ್ರಯಾಣ ಮಾಡಿತ್ತು. ಕಡೆಗೆ ಅದೂ ಕಾರಿಗೇ ಹೋಯಿತು, ಅತ್ತೆಯ ಕಾಲಬುಡಕ್ಕೆ.

ಹೆದ್ದಾರಿಯ ಟ್ರಕ್ ನಿಲ್ದಾಣದ ವೇಬ್ರಿಡ್ಜಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ, ಟ್ರೇಲರಿನ ಗಾಲಿಗಳಿಗೆ ಬೇರೆ ಬೇರೆ ಹಾಸು. ಮೂರನ್ನೂ ತೂಗಿ ಚೀಟಿ ಕೊಡುತ್ತಾರೆ. ಅಳಿಯಂದಿರು ಅದನ್ನು ಮಗನ ಮಾರ್ಕ್ಸ್‌ಕಾರ್ಡಿಗಿಂತ ಹೆಚ್ಚು ಹೊತ್ತು ನೋಡಿದರು. ಪಾಸು.

ದಾರಿಯಲ್ಲಿ ಎಳೆತದ ಪುರಾಣ ಮುಂದುವರಿಯಿತು. ಕಂಪನಿಗಳು ಮನಸ್ಸಿಗೆ ಬಂದ ಅಂಕಿ ಹೇಳುತ್ತಿದ್ದ ಕಾಲವೊಂದಿತ್ತಂತೆ. ಆಮೇಲೆ ಎಂಜಿನಿಯರುಗಳ ಸಂಘದವರು ಜೆ2807 ಅಂತ ಒಂದು ಪರೀಕ್ಷೆ ಬರೆದರು. ಅರಿಜೋನಾದ ಡೇವಿಸ್ ಡ್ಯಾಮಿನ ಪಕ್ಕದ ಏರುದಾರಿಯನ್ನೇ ಅದಕ್ಕೆ ಮಾದರಿ ಮಾಡಿಕೊಂಡರು: 11.4 ಮೈಲಿ ದಾರಿ, ಸುಮಾರು ಮೂರು ಸಾವಿರ ಅಡಿ ಏರು, ಉರಿಬಿಸಿಲು. ಅದರಲ್ಲಿ ನನಗೆ ಇಷ್ಟವಾದ ನಿಯಮ, ಹತ್ತುವಾಗ ಏಸಿಯನ್ನು ಪೂರ್ತಿ ಹಾಕಿಕೊಂಡಿರಬೇಕು ಅನ್ನುವುದು. ನಮ್ಮ ಕಡೆ ಘಾಟಿ ಹತ್ತುವಾಗ ಅಂಬಾಸಿಡರ್ ಟ್ಯಾಕ್ಸಿಯವನು ಫ್ಯಾನನ್ನೂ ಆರಿಸಿ ದೇವರ ಫೋಟೋಕ್ಕೆ ಕೈಮುಗಿಯುತ್ತಿದ್ದ.

2012ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಒಂದು ಟೊಯೋಟಾ ಪಿಕಪ್ಪು ಎಂಡೆವರ್ ಬಾಹ್ಯಾಕಾಶ ನೌಕೆಯನ್ನೇ ಹೆದ್ದಾರಿಯ ಮೇಲಿನ ಸೇತುವೆ ದಾಟಿಸಿತ್ತು. ಹೊತ್ತ ಬಂಡಿಯೂ ಸೇರಿ ನೂರು ಟನ್ನಿಗಿಂತ ಹೆಚ್ಚು. ಅದೂ ಡೀಸೆಲ್ಲಲ್ಲ, ಪೆಟ್ರೋಲು. ಇದನ್ನು ಹೇಳುವಾಗ ಅಳಿಯಂದಿರ ದನಿ ಕುಗ್ಗಿತು. ಮಟ್ಟಸವಾದ ನೆಲದಲ್ಲಿ ನಿಧಾನವಾಗಿ ಉರುಳಿಸುವುದೇನು ಮಹಾ ಅಂತ ತಾವೇ ಸಮಾಧಾನ ಹೇಳಿಕೊಂಡರು. ಊಟಕ್ಕೆ ನಿಂತಾಗ ಈ ಕತೆ ಕೇಳಿದ ಇವಳು, ‘ಎಳೆದದ್ದಾಯ್ತು, ನಿಲ್ಲಿಸಿದ್ದು ಹೇಗೆ?’ ಅಂದಳು. ಲಾರಿ ಮಾಲೀಕರ ಮಗಳು!

ನಿಲ್ಲಿಸುವುದರ ಅರ್ಥ ನನಗಾದದ್ದು ಐಸೆನ್‌ಹೋವರ್ ಸುರಂಗ ದಾಟಿದ ಮೇಲೆ. ಡೆನ್ವರೇ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರ. ಸುರಂಗದ ಪಶ್ಚಿಮದ ಬಾಯಿ 11,158 ಅಡಿ. ಅಷ್ಟೆತ್ತರದಲ್ಲಿ ಗಾಳಿ ತೆಳು. ನಾನು ಎರಡು ಮಾತಿಗೊಮ್ಮೆ ಏದುತ್ತಿದ್ದೆ. ಟ್ರಕ್ಕಿಗೆ ಮಾತ್ರ ಗಾಳಿ ಒತ್ತಿಕೊಡುವ ಟರ್ಬೋ ಇದ್ದದ್ದರಿಂದ ಅದು ಏನೂ ಆಗದ ಹಾಗೆ ಹತ್ತಿತು. ಸುರಂಗ ಮುಗಿಯುತ್ತಲೇ ಶೇಕಡಾ 7ರ ಇಳಿಜಾರು. ಪಕ್ಕದಲ್ಲಿ, ಬ್ರೇಕು ಸೋತ ಲಾರಿಗಳು ನುಗ್ಗಿ ಜಲ್ಲಿಯಲ್ಲಿ ಹೂತುಕೊಳ್ಳಲೆಂದೇ ಮಾಡಿದ ಕವಲುದಾರಿ. ಬೆನ್ನಿಗೆ ಆರು ಟನ್ನಿನ ಮನೆ, ಸೋಫಾ ಸಮೇತ.

ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದರೆ ಗಾಳಿಯ ಬಾಗಿಲು ಮುಚ್ಚಿ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್ಲಿಗೆ ಆ ಬಾಗಿಲಿನ ಹಿಡಿತವಿಲ್ಲ. ಅದಕ್ಕೆ ಹೊಗೆ ಹೋಗುವ ದಾರಿಯನ್ನು ಟರ್ಬೋದ ರೆಕ್ಕೆಗಳಿಂದ ಕಿರಿದು ಮಾಡಿ ಎಂಜಿನ್ನಿನ ಉಸಿರು ಕಟ್ಟಿಸುತ್ತಾರೆ. ಇದೇ ಎಗ್ಸಾಸ್ಟ್ ಬ್ರೇಕ್. ಅಳಿಯಂದಿರು ಗುಂಡಿ ಒತ್ತಿದರು, ಟ್ರಕ್ಕು ಒಮ್ಮೆ ಹೂಂಕರಿಸಿತು, ವೇಗ ಏರದೆ ನಿಂತಿತು. ಅವರ ಕಾಲು ಬ್ರೇಕಿನ ಮೇಲಿರಲಿಲ್ಲ. ನನ್ನ ಎರಡೂ ಕಾಲು ಇಲ್ಲದ ಬ್ರೇಕಿನ ಮೇಲಿದ್ದವು. ನೂರು ಟನ್ನಿನ ನೌಕೆ ಎಳೆದದ್ದಕ್ಕೆ ಚಪ್ಪಾಳೆ ತಟ್ಟುವ ಜನ ಈ ಗುಂಡಿಗೆ ಒಂದು ಹಾರವನ್ನಾದರೂ ಹಾಕಬೇಕು. ಎಳೆತದ ಜಾಹೀರಾತಿನಲ್ಲಿ ಟ್ರಕ್ಕು ಯಾವಾಗಲೂ ಬೆಟ್ಟ ಹತ್ತುತ್ತಲೇ ಇರುತ್ತದೆ. ಇಳಿಯುವಾಗ ಡ್ರೈವರ್ ಮುಖ ತೋರಿಸುವ ಧೈರ್ಯ ಯಾವ ಕಂಪನಿಗೂ ಇಲ್ಲ.

ಕ್ಯಾಂಪಿನ ಜಾಗ ತಲುಪಿದಾಗ ಬಿಸಿಲಿಳಿದಿತ್ತು. ಈಗ ಮನೆಯನ್ನು ಎರಡು ಮರಗಳ ನಡುವೆ ಹಿಂದಕ್ಕೆ ತೂರಿಸಬೇಕು. ಟ್ರೇಲರು ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗಿನ ಮೇಲ್ಭಾಗ ಬಲಕ್ಕೆ ತಿರುಗಬೇಕು. ಮಗಳು ವಾಕಿಟಾಕಿ ಹಿಡಿದು ಹಿಂದೆ ನಿಂತಳು. ‘ಲೆಫ್ಟ್’ ಅಂದಳು. ‘ಯಾರ ಲೆಫ್ಟು?’ ಅಂತ ಟ್ರಕ್ಕಿನಿಂದ ಪ್ರಶ್ನೆ. ‘ನನ್ನ ಲೆಫ್ಟ್!’ ‘ನೀನು ಯಾವ ಕಡೆ ಮುಖ ಮಾಡಿದೀಯ?’ ಅಕ್ಕಪಕ್ಕದ ಟ್ರೇಲರುಗಳವರು ಮಡಚುಕುರ್ಚಿಯನ್ನು ನಮ್ಮ ಕಡೆಗೇ ತಿರುಗಿಸಿಕೊಂಡು ಕೂತರು. ಇದು ಅಲ್ಲಿ ದಿನಾ ಸಂಜೆಯ ಮನರಂಜನೆ. ದಾಂಪತ್ಯಗಳ ನಿಜವಾದ ಭಾರ ತೂಗುವ ವೇಬ್ರಿಡ್ಜ್ ಇದೇ ಇರಬೇಕು.

ಇವಳು ಕಾರಿನಿಂದಿಳಿದಳು. ಸೆರಗು ಸಿಕ್ಕಿಸಿದಳು. ಮಗಳ ಕೈಯಿಂದ ವಾಕಿಟಾಕಿ ತೆಗೆದು ಮೊಮ್ಮಗನಿಗೆ ಆಡಲು ಕೊಟ್ಟಳು. ಟ್ರೇಲರಿನ ಪಕ್ಕೆಗೆ ಅಂಗೈಯಿಂದ ಎರಡು ಸಲ ಬಡಿದು, ಕೊಲರಾಡೋದ ಪೈನ್ ಮರಗಳು ಹಿಂದೆಂದೂ ಕೇಳದ ದನಿಯಲ್ಲಿ ಶುರುಮಾಡಿದಳು: ‘ಬರ್ಲಿ, ಬರ್ಲಿ, ಬರ್ಲಿ... ಡ್ರೈವರ್ ಸೈಡ್ ಹೊಡೀರಿ... ಇನ್ನೂ ಹೊಡೀರಿ... ಸೀದಾ ಮಾಡಿ... ಬರ್ಲಿ, ಬರ್ಲಿ... ಹೋಲ್ಡಾನ್!’

ಮನೆ ಎರಡು ಮರಗಳ ನಡುವೆ ಹೋಗಿ ಕೂತಿತು. ಕುರ್ಚಿಗಳಿಂದ ಚಪ್ಪಾಳೆ ಬಂತು. ಬಿಳಿಗಡ್ಡದ ಒಬ್ಬಾತ ಎದ್ದು ಬಂದು, ತನ್ನ ಟ್ರೇಲರೂ ಸ್ವಲ್ಪ ಓರೆಯಾಗಿದೆ, ಈ ತಾಯಿ ಒಮ್ಮೆ ಬರಬಹುದೇ ಅಂತ ಅಳಿಯಂದಿರನ್ನು ಕೇಳಿದ. ಇವಳು ನನ್ನ ಕಡೆ ತಿರುಗಿ, ‘ಬರ್ತೀನಂತೆ ಹೇಳಿ. ಆದ್ರೆ ಮೊದಲು ನಮ್ಮ ಓನರ್ ಹತ್ರ ಕ್ಲೀನರ್ ಬಾಟಾ ಇಸ್ಕೊಡಿ’ ಅಂದಳು.