ಪಿಂಗ್ ಪ್ರಮಾಣ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ತನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಪ್ರಾಚೀನರ ಕಟ್ಟಳೆ. ಹೇಳುತ್ತೇವೆ. ಈ ಶಾಸ್ತ್ರದ ವಿಷಯ: ಕಂಪನಿಯೊಂದರ ಸರ್ವರ್, ಸ್ವಿಚ್, ರೌಟರ್ ಮೊದಲಾದವು ಬದುಕಿವೆಯೋ ಸತ್ತಿವೆಯೋ ಎಂಬುದನ್ನು ಕೂತಲ್ಲಿಂದಲೇ ತಿಳಿಯುವುದು. ಪ್ರಯೋಜನ: ಅವು ಸತ್ತ ಸುದ್ದಿ ಅಕೌಂಟ್ಸ್ ವಿಭಾಗದ ಫೋನ್ ಬರುವ ಮೊದಲೇ ನಮಗೆ ಮುಟ್ಟುವುದು. ಸಂಬಂಧ: ವಿಷಯಕ್ಕೂ ಪ್ರಯೋಜನಕ್ಕೂ ಸಂಬಂಧವಿದೆಯೆಂದು ಮಾನಿಟರಿಂಗ್ ಸಾಫ್ಟ್‌ವೇರ್ ಮಾರುವವರು ಹೇಳುತ್ತಾರೆ. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಓದಲು ಅರ್ಹನಾದವನು: ನೈಟ್ ಶಿಫ್ಟ್ ಬೇಡವೆನ್ನಲು ಬಾಯಿ ಬಾರದವನು.

ಮೊದಲು ಪ್ರಮಾಣ ವಿಚಾರ. ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷವೆಂದರೆ ಸರ್ವರ್ ರೂಮಿಗೆ ಹೋಗಿ ದೀಪ ಮಿಣುಕುತ್ತಿದೆಯೇ ಎಂದು ಕಣ್ಣಾರೆ ನೋಡುವುದು. ಸರ್ವರ್‌ಗಳೆಲ್ಲ ಮುಂಬಯಿಯ ಕ್ಲೌಡ್‌ಗೆ ವಲಸೆ ಹೋದ ಮೇಲೆ ಪ್ರಯಾಣ ಭತ್ಯೆಯ ತೊಡಕಿನಿಂದಾಗಿ ಈ ಪ್ರಮಾಣ ಬಿದ್ದುಹೋಯಿತು. ಅನುಮಾನವೆಂದರೆ ಬೆಟ್ಟದ ಮೇಲಿನ ಹೊಗೆ ಕಂಡು ಬೆಂಕಿಯನ್ನು ತಿಳಿಯುವುದು. ಯುಪಿಎಸ್ ಬ್ಯಾಟರಿಗಳ ಕೋಣೆಯ ಮಟ್ಟಿಗೆ ಇದು ಇಂದಿಗೂ ಅಕ್ಷರಶಃ ಚಾಲ್ತಿಯಲ್ಲಿದೆ. ಉಪಮಾನದ ರೂಪ: ‘ಹೋದ ತಿಂಗ್ಳೂ ಹಿಂಗೇ ಆಗಿತ್ತು ಸರ್.’ ಶಬ್ದವೆಂದರೆ ಆಪ್ತವಾಕ್ಯ, ನಂಬತಕ್ಕವನ ಮಾತು. ಲಿಂಕ್ ಕೊಟ್ಟವರು ‘ನಮ್ಮ ಕಡೆಯಿಂದ ಎಲ್ಲಾ ಕ್ಲಿಯರ್ ಇದೆ, ನಿಮ್ಮ ಕಡೆ ಚೆಕ್ ಮಾಡ್ಸಿ’ ಎನ್ನುವುದು ವಾಕ್ಯ ಹೌದು. ಆಪ್ತವೇ ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಆದರೆ ನಮ್ಮ ಶಾಸ್ತ್ರ ನಿಂತಿರುವುದು ಈ ನಾಲ್ಕರ ಮೇಲಲ್ಲ. ಕುಮಾರಿಲ ಭಟ್ಟನ ಪಂಥದವರೂ ಅದ್ವೈತಿಗಳೂ ಒಪ್ಪಿದ ಆರನೆಯ ಪ್ರಮಾಣವೊಂದಿದೆ, ಅನುಪಲಬ್ಧಿ. ನೆಲ ಕಾಣುತ್ತಿದೆ, ಅದರ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಕಾಣದಿರುವುದೇ ಇಲ್ಲದಿರುವುದನ್ನು ತಿಳಿಸಿಕೊಡುತ್ತದೆ. 1983ರ ಡಿಸೆಂಬರಿನಲ್ಲಿ ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾಲಯದ ಮೈಕ್ ಮ್ಯೂಸ್, ನೆಟ್‌ವರ್ಕ್ ಮೊಂಡು ಹಿಡಿದಿದ್ದ ಹೊತ್ತಿನಲ್ಲಿ ಕೂತು ಪಿಂಗ್ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಗಳ ಸೋನಾರ್ ಸದ್ದು ಅವರ ಮನಸ್ಸಿನಲ್ಲಿತ್ತು. ಮೀಮಾಂಸೆ ಇತ್ತೆನ್ನಲು ಆಧಾರವಿಲ್ಲ. ಆದರೂ ಅವರು ಮಾಡಿದ್ದು ಶುದ್ಧ ಭಾಟ್ಟಮತ: ‘ಇದ್ದೀಯಾ?’ ಎಂದು ಕೂಗು, ‘ಇದ್ದೇನೆ’ ಎಂಬ ಮರುದನಿಗೆ ಕಾಯಿ, ಬರದಿದ್ದರೆ ‘ಇಲ್ಲ’ ಎಂದು ಬರೆದುಕೋ.

ಮೀಮಾಂಸಕರು ಇಲ್ಲೊಂದು ಷರತ್ತು ಹಾಕಿದ್ದಾರೆ, ಪಿಂಗ್ ಬಳಸುವವರು ಅದನ್ನು ಮರೆತರು. ಇದ್ದಿದ್ದರೆ ಕಾಣಲೇಬೇಕಿದ್ದ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲಲ್ಲಿ ಗಡಿಗೆ ಕಾಣದು, ಅಷ್ಟಕ್ಕೇ ಗಡಿಗೆ ಇಲ್ಲವೆನ್ನಲಾಗದು. ಪಿಶಾಚಿ ಹಗಲಲ್ಲೂ ಕಾಣದು, ಅದರ ಗತಿಯೂ ಇಷ್ಟೇ. ಈಗ ಶುಕ್ರವಾರ ಸಂಜೆ ಸೆಕ್ಯುರಿಟಿ ವಿಭಾಗದವರು ಫೈರ್‌ವಾಲ್‌ನಲ್ಲಿ ಪಿಂಗ್ ಬ್ಲಾಕ್ ಮಾಡಿ ಮನೆಗೆ ಹೋದರೆಂದು ಇಟ್ಟುಕೊಳ್ಳಿ. ಪರದೆ ಪೂರ್ತಿ ಕೆಂಪಾಗುತ್ತದೆ. ಸಪೋರ್ಟಿನ ಮೊದಲ ಮೆಟ್ಟಿಲಾದ ಎಲ್-1 ಎಲ್-2ಗೆ, ಎಲ್-2 ಎಲ್-3ಗೆ ಎಸ್ಕಲೇಟ್ ಮಾಡಿ, ಮೂವತ್ತು ಜನ ಬ್ರಿಡ್ಜ್ ಕಾಲ್‌ಗೆ ಬಂದು ‘ಹಲೋ, ಕೇಳಿಸ್ತಿದ್ಯಾ?’ ಎಂದು ಪರಸ್ಪರ ಪಿಂಗ್ ಮಾಡಿಕೊಳ್ಳುತ್ತಾರೆ. ಅತ್ತ ಸರ್ವರ್‌ಗಳೆಲ್ಲ ಬದುಕಿಯೇ ಇವೆ, ಸಂಬಳದ ಲೆಕ್ಕವನ್ನು ಎಂದಿನಂತೆ ತಪ್ಪಾಗಿ ಮಾಡುತ್ತಿವೆ.

ತಿರುಗುಮುರುಗೂ ಆಗುವುದುಂಟು. ಪಿಂಗ್‌ಗೆ ಮರುದನಿ ಕೊಡುವುದು ಯಂತ್ರದ ಕರ್ನಲ್, ಅದರ ಮೇಲೆ ಕೂತ ಡೇಟಾಬೇಸ್ ಅಲ್ಲ. ಡೇಟಾಬೇಸ್ ಮಧ್ಯಾಹ್ನವೇ ಪ್ರಾಣ ಬಿಟ್ಟಿದ್ದರೂ, ಯಜಮಾನ ತೀರಿಕೊಂಡದ್ದು ಗೊತ್ತಿಲ್ಲದ ಗೇಟಿನ ಕಾವಲುಗಾರ ‘ಸಾಹೇಬ್ರು ಒಳಗೇ ಇದಾರೆ’ ಎನ್ನುವ ಹಾಗೆ ಕರ್ನಲ್ ‘ಇದ್ದೇನೆ’ ಎನ್ನುತ್ತಲೇ ಇರುತ್ತದೆ. ಆದ್ದರಿಂದ ಸಿದ್ಧಾಂತ: ಕೆಂಪು ಎಂದರೆ ಸತ್ತಿರಬಹುದು, ಹಸಿರು ಎಂದರೆ ಸತ್ತದ್ದು ಇನ್ನೂ ತಿಳಿದಿಲ್ಲ. ಈ ಸೂಕ್ಷ್ಮ ಹೊಳೆದವರೂ ಇದ್ದಾರೆ. ನೆಟ್‌ಸೇಂಟ್ ಎಂಬ ಹೆಸರಿನಲ್ಲಿ 1999ರಲ್ಲಿ ಬಂದು, ಟ್ರೇಡ್‌ಮಾರ್ಕ್ ತಕರಾರಿನಿಂದ ಸಂತಪದವಿ ಕಳೆದುಕೊಂಡು 2002ರಲ್ಲಿ ನಾಗಿಯೋಸ್ ಆದ ಸಾಫ್ಟ್‌ವೇರ್, ‘ಸತ್ತಿದೆ’ ಎಂಬುದನ್ನೂ ‘ಮುಟ್ಟಲಾಗುತ್ತಿಲ್ಲ’ ಎಂಬುದನ್ನೂ ಬೇರೆಬೇರೆಯಾಗಿ ತೋರಿಸಬಲ್ಲದು. ಅದಕ್ಕೆ ಯಾವ ಸ್ವಿಚ್‌ನ ಬೆನ್ನಿಗೆ ಯಾವ ಸರ್ವರ್ ಇದೆ ಎಂಬ ವಂಶವೃಕ್ಷವನ್ನು ಬರೆದುಕೊಡಬೇಕು. ಆ ವಂಶವೃಕ್ಷ ಬಲ್ಲವನು ಕೆಲಸ ಬಿಟ್ಟು ಹೋಗಿರುತ್ತಾನೆ.

ಪ್ರಸಂಗವಶಾತ್ ಬೆಂಗಳೂರಿನ ಒಂದು ದರ್ಶನವನ್ನು ಇಲ್ಲೇ ಹೇಳಿಬಿಡಬೇಕು. ಒಂದು ಲಿಂಕ್ ಹೋದರೆ ಇನ್ನೊಂದಿರಲಿ ಎಂದು ಕಂಪನಿಯವರು ಎರಡು ಬೇರೆ ಕಂಪನಿಗಳಿಂದ ಎರಡು ಲಿಂಕ್ ಕೊಳ್ಳುತ್ತಾರೆ. ಪರದೆಯ ಮೇಲೆ ಎರಡು ಹಸಿರು ಗೆರೆಗಳು ಪ್ರತ್ಯೇಕವಾಗಿ ಹೊಳೆಯುತ್ತವೆ. ಹೊರ ವರ್ತುಲ ರಸ್ತೆಯ ಪಕ್ಕ ಅವೆರಡೂ ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಮಲಗಿರುವುದು ಯಾವ ಸಾಫ್ಟ್‌ವೇರಿಗೂ ಕಾಣದು. ದುಡ್ಡು ಕೊಟ್ಟು ಕೊಂಡ ದ್ವೈತ ಜೆಸಿಬಿಯ ಒಂದೇ ಹಲ್ಲಿಗೆ ಅದ್ವೈತವಾಗುತ್ತದೆ.

ಇತಿಹಾಸಕ್ಕೆ ಬರೋಣ. ಪಂಡಿತರು ಈ ಶಾಸ್ತ್ರದ ಮೂಲವನ್ನು 1988ರಲ್ಲಿ ಪ್ರಕಟವಾದ ಎಸ್‌ಎನ್‌ಎಂಪಿ ಎಂಬ ನಿಯಮಾವಳಿಯಲ್ಲಿ ಕಾಣುತ್ತಾರೆ. ಯಂತ್ರಗಳ ಯೋಗಕ್ಷೇಮ ಕೇಳುವ ಭಾಷೆ ಅದು. ಅದರ ಹಳೆಯ ಆವೃತ್ತಿಗಳಲ್ಲಿ ವಿವರ ಓದಲು ಬೇಕಾದ ರಹಸ್ಯಪದ ರೂಢಿಯಿಂದ ‘ಪಬ್ಲಿಕ್’, ಬದಲಿಸಲು ಬೇಕಾದ ರಹಸ್ಯಪದ ‘ಪ್ರೈವೇಟ್’. ಅನೇಕ ಕಡೆ ಈಗಲೂ ಅವೇ ಇವೆ. ರಹಸ್ಯ ಎಂಬ ಪರಿಕಲ್ಪನೆಯನ್ನೇ ಇಷ್ಟು ನಿರಾಳವಾಗಿ ತ್ಯಜಿಸಿದ ದರ್ಶನ ಮತ್ತೊಂದಿಲ್ಲ.

ಆದರೆ ನಮ್ಮ ಅಭಿಪ್ರಾಯದಲ್ಲಿ ಇಡೀ ಶಾಸ್ತ್ರದ ಮೂಲಪ್ರೇರಣೆ ಕಾಫಿ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು, ಮಹಡಿ ಇಳಿದು ಬಂದರೂ ಕಾಫಿ ಖಾಲಿಯಾಗಿರುವ ದುಃಖವನ್ನು ತಾಳಲಾರದೆ, ‘ಟ್ರೋಜನ್ ರೂಮ್’ ಹೊರಗಿನ ಕಾಫಿ ಪಾತ್ರೆಗೆ ಕ್ಯಾಮೆರಾ ತಿರುಗಿಸಿಟ್ಟರು. ತಂತಮ್ಮ ಮೇಜಿನಿಂದಲೇ ಎಲ್ಲರೂ ಪಾತ್ರೆಯ ಬೂದುಬಣ್ಣದ ಚಿತ್ರ ನೋಡಬಹುದಿತ್ತು. 2001ರ ಆಗಸ್ಟ್‌ನಲ್ಲಿ ಅದನ್ನು ಆರಿಸುವವರೆಗೆ ಜಗತ್ತಿನ ಎಲ್ಲೆಲ್ಲಿಂದಲೋ ಜನ ಅದನ್ನು ನೋಡಿದರು. ಅವರಲ್ಲಿ ಬಹುಪಾಲು ಜನಕ್ಕೆ ಆ ಕಾಫಿ ಸಿಗುವ ಸಂಭವವೇ ಇರಲಿಲ್ಲ. ಡ್ಯಾಶ್‌ಬೋರ್ಡ್‌ನ ಲಕ್ಷಣ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಗದು. 1998ರ ಏಪ್ರಿಲ್ 1ರಂದು ಇಂಟರ್‌ನೆಟ್ಟಿನ ನಿಯಮಕಾರರು ಕಾಫಿ ಪಾತ್ರೆಗಳನ್ನು ಎಸ್‌ಎನ್‌ಎಂಪಿ ಮೂಲಕ ವಿಚಾರಿಸಿಕೊಳ್ಳುವ ವಿಧಿಯನ್ನೂ ಪ್ರಕಟಿಸಿದರು: ಆರ್‌ಎಫ್‌ಸಿ 2325. ದಿನಾಂಕ ನೋಡಿ ತಮಾಷೆ ಎನ್ನುವವರು ಅದನ್ನು ಓದಿಲ್ಲ. ಅದು ತೊಟ್ಟಿಕ್ಕುವ ಜಾತಿಯ ಪಾತ್ರೆಗಳಿಗೆ ಅನ್ವಯ. ನಮ್ಮ ಹಿತ್ತಾಳೆ ಫಿಲ್ಟರ್ ಅದೇ ಜಾತಿಯದಾದರೂ ಅದಕ್ಕೆ ವೈರ್ ಇಲ್ಲದಿರುವುದರಿಂದ, ಡಿಕಾಕ್ಷನ್ ಇಳಿದಿದೆಯೇ ಎಂಬುದಕ್ಕೆ ಇವತ್ತಿಗೂ ಪ್ರತ್ಯಕ್ಷವೇ ಪ್ರಮಾಣ.

ಗ್ರಾಫ್ ಎಂಬ ಮಾಯೆ ಬಂದದ್ದು ಆ ಕಾಫಿ ಕ್ಯಾಮೆರಾ ಬಂದ ತುಸು ಆಮೇಲೆ. 1994ರಲ್ಲಿ ಟೋಬಿಯಾಸ್ ಊಟಿಕರ್ ಕೆಲಸ ಮಾಡುತ್ತಿದ್ದ ಕಡೆ ಹೊರಜಗತ್ತಿಗೆ ಇದ್ದದ್ದು ಒಂದೇ ಒಂದು 64 ಕಿಲೋಬಿಟ್ ಲೈನ್. ಅದು ಹೇಗೆ ನಡೆಯುತ್ತಿದೆ ಎಂದು ಎಲ್ಲರಿಗೂ ಕುತೂಹಲ. ಅವರು ಐದೈದು ನಿಮಿಷಕ್ಕೊಮ್ಮೆ ಲೆಕ್ಕ ಕೇಳಿ ಚಿತ್ರ ಬಿಡಿಸುವ ಎಂಆರ್‌ಟಿಜಿ ಬರೆದರು. ಲೈನ್ ಅದರಿಂದ ವೇಗವಾಗಲಿಲ್ಲ, ಆದರೆ ಎಷ್ಟು ನಿಧಾನವೆಂದು ಬಣ್ಣದಲ್ಲಿ ಕಾಣತೊಡಗಿತು. ಮ್ಯಾನೇಜರುಗಳಿಗೆ ಅಷ್ಟು ಸಾಕಾಯಿತು.

ಇಲ್ಲಿ ಕಾಲಗಣನೆಯ ಒಂದು ಸ್ವಾರಸ್ಯವಿದೆ. ಹಳೆಯ ಯಂತ್ರಗಳು ತಮ್ಮ ಮೂಲಕ ಹಾದುಹೋದ ಬೈಟ್‌ಗಳನ್ನು 32 ಬಿಟ್‌ನ ಎಣಿಕೆಯಲ್ಲಿ ಇಡುತ್ತಿದ್ದವು. ಅದು 429 ಕೋಟಿ ಚಿಲ್ಲರೆ ಮುಟ್ಟುತ್ತಲೇ ಮತ್ತೆ ಸೊನ್ನೆ. ಗಿಗಾಬಿಟ್ ಲಿಂಕ್ ತುಂಬಿ ಹರಿದರೆ 34 ಸೆಕೆಂಡಿಗೊಂದು ಪ್ರಳಯ, ಮತ್ತೊಂದು ಸೃಷ್ಟಿ. ಐದು ನಿಮಿಷಕ್ಕೊಮ್ಮೆ ಇಣುಕುವವನ ಕಣ್ಣು ತಪ್ಪಿಸಿ ಎಂಟು ಕಲ್ಪಗಳು ಕಳೆದಿರುತ್ತವೆ. ಗ್ರಾಫ್ ಮಾತ್ರ ಲಿಂಕ್ ಖಾಲಿ ಬಿದ್ದಿದೆ ಎನ್ನುತ್ತಿರುತ್ತದೆ. ಇದಕ್ಕೆ ಪರಿಹಾರವಾಗಿ 64 ಬಿಟ್‌ನ ಎಣಿಕೆ ಬಂತು. ಅದೇ ವೇಗದಲ್ಲಿ ಅದು ಒಂದು ಸುತ್ತು ಮುಗಿಸಲು ಸುಮಾರು 4,676 ವರ್ಷ. ಕಲಿಯುಗ ಹುಟ್ಟಿತೆಂದು ಹೇಳುವ ಕ್ರಿ.ಪೂ. 3102ರಲ್ಲೇ ಯಾರಾದರೂ ಲಿಂಕ್ ಆನ್ ಮಾಡಿದ್ದರೆ, ತಾಳಿಕೋಟೆ ಯುದ್ಧ ಮುಗಿದು ಹತ್ತು ವರ್ಷವಾಗುವ ಹೊತ್ತಿಗೆ ಮೊದಲ ಸಲ ಸೊನ್ನೆಗೆ ಬರುತ್ತಿತ್ತು. ಆ ಹೊತ್ತಿಗೆ ವಿಜಯನಗರದಲ್ಲಿ ಅದನ್ನು ನೋಡುವವರು ಯಾರೂ ಉಳಿದಿರಲಿಲ್ಲ.

ಈಗ ರಸಪ್ರಕರಣ. ಭರತನ ನಾಟ್ಯಶಾಸ್ತ್ರದಲ್ಲಿ ರಸಗಳು ಎಂಟು. 1980ರ ದಶಕದಲ್ಲಿ ಎರಿಕ್ ಆಲ್ಮನ್ ರೂಪಿಸಿದ ಸಿಸ್‌ಲಾಗ್‌ನಲ್ಲಿ ತೀವ್ರತೆಯ ಮಟ್ಟಗಳೂ ಎಂಟು, ಸೊನ್ನೆಯಿಂದ ಏಳರವರೆಗೆ. ಕಾಕತಾಳೀಯ ಎನ್ನುವವರೊಡನೆ ನಾವು ವಾದಕ್ಕಿಳಿಯುವುದಿಲ್ಲ. ಸೊನ್ನೆ ‘ಎಮರ್ಜೆನ್ಸಿ’, ಇಡೀ ವ್ಯವಸ್ಥೆ ಬಳಕೆಗೆ ಬಾರದು: ಭಯಾನಕ. ಒಂದು ‘ಅಲರ್ಟ್’, ಈಗಿಂದೀಗಲೇ ಏನಾದರೂ ಮಾಡಬೇಕು. ಮಾಡಬೇಕಾದವನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಯಾಬಿನೊಳಗಿರುವುದರಿಂದ ಮ್ಯಾನೇಜರಿಗೆ ರೌದ್ರ, ಅವನಿಗೆ ಕರುಣ. ನಾಲ್ಕನೆಯದಾದ ‘ವಾರ್ನಿಂಗ್’ ವೀರರಸ. ಅದನ್ನು ದಿನವೂ ಕಂಡು ಕಾಣದಂತಿರಲು ಎದೆಗಾರಿಕೆ ಬೇಕು. ಏಳನೆಯ ‘ಡೀಬಗ್’ ನಿಸ್ಸಂದೇಹವಾಗಿ ಶೃಂಗಾರ: ಒಂದು ಕ್ಷಣವನ್ನು ಸಾವಿರ ಸಾಲಿಗೆ ಹಿಗ್ಗಿಸುವ ವರ್ಣನೆ, ಮುಗಿಯಲೊಲ್ಲದ ವಿವರ, ಮೈಮರೆತು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಡಿಸ್ಕ್ ತುಂಬಿಸುವ ಮೋಹ. ಉಳಿದವನ್ನು ಜಿಜ್ಞಾಸುಗಳು ಹೊಂದಿಸಿಕೊಳ್ಳಲಿ, ಪಿಎಚ್.ಡಿಗೆ ಜಾಗ ಬಿಟ್ಟಿದ್ದೇವೆ.

ಒಂಬತ್ತನೆಯ ಶಾಂತರಸವನ್ನು ಅಭಿನವಗುಪ್ತ ಎತ್ತಿಹಿಡಿದ. ಸಿಸ್‌ಲಾಗ್‌ಗೆ ಅಂಥವನೊಬ್ಬ ಇನ್ನೂ ಸಿಕ್ಕಿಲ್ಲವಾದರೂ ಅನುಷ್ಠಾನದಲ್ಲಿ ಶಾಂತ ಇದ್ದೇ ಇದೆ. ಡಿಸ್ಕ್ 80 ಪರ್ಸೆಂಟ್ ತುಂಬಿದರೆ ಮೇಲ್ ಕಳಿಸು ಎಂದು ಯಾರೋ ಎಂದೋ ಗೆರೆ ಎಳೆದಿರುತ್ತಾರೆ. ಡಿಸ್ಕ್ 79ಕ್ಕೂ 81ಕ್ಕೂ ನಡುವೆ ತೂಗುತ್ತಾ, ‘ಅಪಾಯ’, ‘ಪಾರಾಯಿತು’, ‘ಅಪಾಯ’, ‘ಪಾರಾಯಿತು’ ಎಂದು ರಾತ್ರಿಯಿಡೀ ಮೇಲ್ ಕಳಿಸುತ್ತದೆ. ಸಾಧಕನು ಔಟ್‌ಲುಕ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಅಲರ್ಟ್‌ಗಳೆಲ್ಲ ನೇರವಾಗಿ ಅದರೊಳಗೆ ಬೀಳುವಂತೆ ರೂಲ್ ಬರೆಯುತ್ತಾನೆ. ತೆರೆಯದ ಮೇಲ್‌ಗಳ ಸಂಖ್ಯೆ ಐದಂಕಿ ದಾಟಿದ ಮೇಲೆ ಆ ಫೋಲ್ಡರ್ ಕಡೆ ಕಣ್ಣೂ ಹೋಗುವುದಿಲ್ಲ. ಅದೇ ಶಾಂತ. ನಿಜವಾದ ಅಪಾಯದ ಮೇಲ್ ಕೂಡ ಅಲ್ಲೇ ಇತ್ತೆಂಬುದು ಆಮೇಲೆ ಆರ್‌ಸಿಎ ಎಂಬ ಮೂಲಕಾರಣದ ವರದಿ ಬರೆಯುವಾಗ ಬೆಳಕಿಗೆ ಬರುತ್ತದೆ.

ಪಾಪಪುಣ್ಯದ ಲೆಕ್ಕ ಎಸ್‌ಎಲ್‌ಎ ಎಂಬ ಸೇವಾ ಒಪ್ಪಂದದ ಪತ್ರದಲ್ಲಿದೆ. 99.9 ಪರ್ಸೆಂಟ್ ಹೊತ್ತು ಬದುಕಿರಬೇಕು ಎಂದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಸಾಯಲು ಪರವಾನಗಿ, 99.999 ಎಂದರೆ ಐದು ನಿಮಿಷ ಚಿಲ್ಲರೆ. ಮೊದಲೇ ಹೇಳಿ ಸತ್ತರೆ ಅದು ‘ಪ್ಲಾನ್ಡ್ ಮೆಂಟೆನೆನ್ಸ್’, ಲೆಕ್ಕಕ್ಕೆ ಬರದು. ಇಚ್ಛಾಮರಣ ಭೀಷ್ಮನಿಗೊಬ್ಬನಿಗೇ ಇತ್ತೆಂದು ತಿಳಿದವರು ಒಪ್ಪಂದದ ಸಣ್ಣಕ್ಷರ ಓದಿಲ್ಲ.

ಬೇಲಿಯೇ ಎದ್ದು ಹೊಲ ಮೇಯುವ ಪ್ರಕರಣಕ್ಕೂ ನಮ್ಮಲ್ಲಿ ದೃಷ್ಟಾಂತಗಳಿವೆ. ಕಾವಲಿಗಿಟ್ಟ ಸಾಫ್ಟ್‌ವೇರ್‌ಗೆ ಎಲ್ಲ ಯಂತ್ರಗಳ ಬೀಗದ ಕೈ ಕೊಟ್ಟಿರಬೇಕು, ಇಲ್ಲದಿದ್ದರೆ ಅದು ಒಳಗಿನ ಸುದ್ದಿ ತರಲಾರದು. ಇದನ್ನು ಕಳ್ಳರೂ ಬಲ್ಲರು. ಸೋಲಾರ್‌ವಿಂಡ್ಸ್ ಕಂಪನಿಯ ಒರಾಯನ್ ಎಂಬ ನೆಟ್‌ವರ್ಕ್ ಕಾವಲಿನ ಸಾಫ್ಟ್‌ವೇರ್‌ನ ಅಪ್‌ಡೇಟ್‌ನೊಳಗೇ ಕನ್ನಕೋಲು ಇಟ್ಟಿದ್ದು 2020ರ ಡಿಸೆಂಬರಿನಲ್ಲಿ ಬಯಲಾಯಿತು. ಹತ್ತಿರ ಹತ್ತಿರ 18,000 ಗ್ರಾಹಕರು ಅದನ್ನು ಇಳಿಸಿಕೊಂಡಿದ್ದರು, ಅಮೆರಿಕದ ಖಜಾನೆ ಇಲಾಖೆಯ ಮನೆಗೂ ಕಳ್ಳರು ಹೊಕ್ಕಿದ್ದರು. ಇಲ್ಲೊಂದು ಧರ್ಮಸೂಕ್ಷ್ಮವಿದೆ: ಅಪ್‌ಡೇಟ್ ಮಾಡಿ ಮಾಡಿ ಎಂದು ಹೇಳಿಸಿಕೊಂಡೂ ಮಾಡದೆ ಕೂತ ಸೋಮಾರಿಗಳು ಪಾರಾದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಇನ್ನೊಬ್ಬ ಕಾವಲುಗಾರನಿಗೆ ಕಳ್ಳನ ನೆರವೂ ಬೇಕಾಗಲಿಲ್ಲ. ತಾನೇ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿಗಟ್ಟಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪೆನ್ ಕೊನೆಯವರೆಗೂ ಡೌನ್ ಆಗಲಿಲ್ಲ. ಅದಕ್ಕೆ ಮಾನಿಟರಿಂಗ್ ಇರಲಿಲ್ಲ.

ಉಳಿದದ್ದು ಪ್ರಾಮಾಣ್ಯವಾದ. ಎಲ್ಲವನ್ನೂ ನೋಡಿಕೊಳ್ಳುವ ಮಾನಿಟರಿಂಗ್ ಸರ್ವರನ್ನು ನೋಡಿಕೊಳ್ಳುವವರು ಯಾರು? ಮೀಮಾಂಸಕರ ಪ್ರಕಾರ ಜ್ಞಾನ ಸ್ವತಃ ಪ್ರಮಾಣ, ಸುಳ್ಳೆಂದು ತೋರುವ ತನಕ ನಿಜ. ಎರಡನೇ ಸರ್ವರ್‌ಗೆ ಬಜೆಟ್ ಇಲ್ಲವೆನ್ನುವ ಫೈನಾನ್ಸ್ ವಿಭಾಗದವರೂ ಇದೇ ಮತದವರು. ನೈಯಾಯಿಕರ ಪ್ರಕಾರ ಪ್ರಾಮಾಣ್ಯ ಹೊರಗಿನಿಂದ ಬರಬೇಕು. ಹಾಗಾದರೆ ಕಾವಲಿಗೊಂದು ಕಾವಲು, ಅದಕ್ಕೊಂದು ಕಾವಲು ಎಂದು ಅನವಸ್ಥೆಯಾಗುತ್ತದೆ. ಲೈಸೆನ್ಸ್ ಮಾರುವವರು ಅದನ್ನು ದೋಷವೆಂದು ಪರಿಗಣಿಸುವುದಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಆರು ಗಂಟೆಯಷ್ಟು ಕಾಲ ಇಂಟರ್‌ನೆಟ್ಟಿನ ನಕ್ಷೆಯಿಂದಲೇ ಅಳಿಸಿಹೋದಾಗ, ಏನಾಗಿದೆಯೆಂದು ನೋಡಲು ಕಟ್ಟಿಕೊಂಡಿದ್ದ ಉಪಕರಣಗಳೂ ಅದೇ ನೆಟ್‌ವರ್ಕ್ ಮೇಲಿದ್ದು ಜೊತೆಗೇ ಮುಳುಗಿದವು. ನೈಯಾಯಿಕರ ಪಕ್ಷಕ್ಕೆ ಇಷ್ಟು ದುಬಾರಿಯ ಉದಾಹರಣೆ ಹಿಂದೆಂದೂ ಸಿಕ್ಕಿರಲಿಲ್ಲ.

ಪ್ರಾಮಿಥಿಯಸ್ ಎಂಬ ಸಾಫ್ಟ್‌ವೇರ್ ಬಳಸುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ‘ವಾಚ್‌ಡಾಗ್’ ಎಂಬ ಅಲರ್ಟ್ ಒಂದನ್ನು ಇಟ್ಟು, ಯಾವ ಕಾರಣವೂ ಇಲ್ಲದೆ ಅದು ಹಗಲಿರುಳು ಕೂಗುತ್ತಲೇ ಇರುವಂತೆ ಮಾಡುತ್ತಾರೆ. ಹೊರಗೆಲ್ಲೋ ಇನ್ನೊಂದು ಸೇವೆ ಅದಕ್ಕೆ ಕಿವಿಗೊಟ್ಟಿರುತ್ತದೆ. ಕೂಗು ನಿಂತಿತೋ, ಅದು ಫೋನ್ ಮಾಡುತ್ತದೆ. ಅನುಪಲಬ್ಧಿಗೆ ಇದಕ್ಕಿಂತ ನಿರ್ದುಷ್ಟವಾದ ಪ್ರಯೋಗವಿಲ್ಲವೆಂದು ನಾವು ಗ್ರಂಥ ಮುಗಿಸಬಹುದಿತ್ತು. ಆದರೆ ಪೂರ್ವಪಕ್ಷಿಯು ಒಬ್ಬ ಎಲ್-1 ಹುಡುಗನನ್ನು ಕರೆತರುತ್ತಾನೆ. ಹುಡುಗ ಕೆಲಸಕ್ಕೆ ಹೊಸಬ, ಮೊದಲ ನೈಟ್ ಶಿಫ್ಟ್. ಒಂದು ಅಲರ್ಟ್ ಬಿಡದೆ ಕೂಗುತ್ತಿರುವುದನ್ನು ಕಂಡು, ಒಳ್ಳೆಯ ಮನಸ್ಸಿನಿಂದಲೇ ಅದನ್ನು ಸೈಲೆನ್ಸ್ ಮಾಡಿಬಿಟ್ಟ. ಬೆಳಗಿನ ಜಾವ ಮೂರಕ್ಕೆ ಮ್ಯಾನೇಜರ ಮೊಬೈಲ್ ಹೊಡೆದುಕೊಂಡಿತು. ಅವರು ಹುಡುಗನಿಗೆ ಫೋನ್ ಮಾಡಿದರು.

‘ಏನಯ್ಯಾ ಮಾಡ್ದೆ?’

‘ಏನಿಲ್ಲ ಸರ್. ಒಂದು ಅಲರ್ಟ್ ಸುಮ್ನೆ ಬರ್ತಾನೇ ಇತ್ತು, ನಿಲ್ಲಿಸ್ದೆ.’

‘ಅದು ಬರ್ತಾ ಇದ್ರೇನೇ ಕಣಯ್ಯಾ ಎಲ್ಲಾ ಸರಿ ಇದೆ ಅಂತ!’

‘ಹಾಗಾದ್ರೆ ಈಗ ಸರಿ ಇಲ್ವಾ ಸರ್?’

ಮ್ಯಾನೇಜರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಒಂದ್ಸಲ ರೀಸ್ಟಾರ್ಟ್ ಮಾಡ್ಲಾ ಸರ್?’

‘ಮಾಡು’ ಎಂದರು. ಯಾವುದನ್ನು ಎಂದು ಅವನು ಕೇಳಲಿಲ್ಲ, ಇವರೂ ಹೇಳಲಿಲ್ಲ.